ಬಿಸಿಲಿಗೆ ಮೈ ಒಗ್ಗಿಸುವ ವಿದ್ಯೆ: ಚಿನ್ನದ ಗಣಿಯಿಂದ ಓಟದ ಹಾದಿಗೆ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಬಿಸಿಲಿನ ಬಗ್ಗೆ ಹೊಸದಾಗಿ ಹೇಳಬೇಕಾದುದು ಏನೂ ಇಲ್ಲ. ರಾಜ್ಯದಲ್ಲಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳನ್ನು ಹೆಸರಿಸುವಾಗ ಇವೆರಡನ್ನೂ ಬಿಡುವಂತಿಲ್ಲ. ಏಪ್ರಿಲ್ ಬಂತೆಂದರೆ ಉಷ್ಣಮಾಪಕದ ಪಾದರಸ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಶೇಂಗಾ ಬೆಳೆದಿದ್ದ ಹೊಲಗಳು ಬರಿದಾಗಿರುತ್ತವೆ, ಅಮೃತಮಹಲ್ ಕಾವಲುಗಳ ಹುಲ್ಲು ಒಣಗಿ ಬೆಳ್ಳಗಾಗಿರುತ್ತದೆ. ಇಂಥ ಊರುಗಳಲ್ಲಿ ಓಟದ ಅಭ್ಯಾಸದ ಮಾತು ಬಂದಾಗ ಅಧ್ಯಾಪಕರೂ ಪೋಷಕರೂ ಸಾಮಾನ್ಯವಾಗಿ ಹೇಳುವುದು ಒಂದೇ: "ನಮ್ಮ ಹುಡುಗರಿಗೆ ಬಿಸಿಲು ಹೊಸದಲ್ಲ ಬಿಡಿ."

ಈ ಮಾತು ಎಷ್ಟು ಸರಿ? ಉತ್ತರ ಹುಡುಕಲು ಇತಿಹಾಸದಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂದು ದೂರದ ಓಟಗಾರರನ್ನು ತಯಾರು ಮಾಡುವ ತರಬೇತುದಾರರು ಸೆಕೆಯ ಊರಿನಲ್ಲಿ ಸ್ಪರ್ಧೆ ಇದೆಯೆಂದಾದರೆ, ಅದಕ್ಕೆ ಮುಂಚೆ ಒಂದೆರಡು ವಾರ, ದಿನಕ್ಕೆ ಸುಮಾರು ಒಂದು ಗಂಟೆ, ಬೇಕೆಂದೇ ಬಿಸಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ. ಇದಕ್ಕೆ 'ಉಷ್ಣ ಒಗ್ಗುವಿಕೆ' ಎಂದು ಹೆಸರು. ಒಂದೆರಡು ವಾರ ಎಂಬ ಈ ಲೆಕ್ಕ ಬಂದದ್ದೆಲ್ಲಿಂದ? ಕ್ರೀಡಾಂಗಣದಿಂದಲ್ಲ. ನೆಲದಡಿಯ ಗಣಿಗಳಿಂದ. ಆ ಗಣಿಗಳಲ್ಲಿ ಒಂದು ನಮ್ಮದೇ ಕೋಲಾರದ ಚಿನ್ನದ ಗಣಿ.

ಓಡುವವನ ಮೈಯಲ್ಲಿ ಎಷ್ಟು ಶಾಖ?

ಮೊದಲು ಒಂದು ಸಣ್ಣ ಲೆಕ್ಕ. 60 ಕಿಲೋಗ್ರಾಂ ತೂಕದ ಯುವಕ ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡುತ್ತಿದ್ದಾನೆ ಎನ್ನಿ. ಓಡುವಾಗ ಪ್ರತಿ ಕಿಲೋಮೀಟರಿಗೆ, ಮೈತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 1 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಎಂದರೆ ಗಂಟೆಗೆ 600 ಕಿಲೋಕ್ಯಾಲೊರಿ. ಸ್ನಾಯುಗಳು ಅಷ್ಟೇನೂ ದಕ್ಷ ಯಂತ್ರಗಳಲ್ಲ. ಇದರ ಐದರಲ್ಲಿ ನಾಲ್ಕು ಪಾಲು, ಅಂದರೆ 480 ಕಿಲೋಕ್ಯಾಲೊರಿ, ಶಾಖವಾಗಿಯೇ ಹೊರಬೀಳುತ್ತದೆ. ಮೈಯ ವಿಶಿಷ್ಟೋಷ್ಣ ಸುಮಾರು 0.83. ಹಾಗಾಗಿ ಆ ಯುವಕನ ಮೈಯನ್ನು 1 ಡಿಗ್ರಿಯಷ್ಟು ಬಿಸಿ ಮಾಡಲು 50 ಕಿಲೋಕ್ಯಾಲೊರಿ ಸಾಕು. ಶಾಖ ಹೊರಹೋಗಲು ದಾರಿಯೇ ಇಲ್ಲದಿದ್ದರೆ ಆರೇಳು ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈ ಕಾದು, ಅರ್ಧ ಗಂಟೆಯೊಳಗೆ 41 ಡಿಗ್ರಿ ದಾಟುತ್ತದೆ.

ಹಾಗೆ ಆಗದಂತೆ ಕಾಯುವುದು ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾದಾಗ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. 'ಆವಿಯಾದಾಗ' ಎಂಬ ಮಾತನ್ನು ಗಮನಿಸಿ. ಹನಿಹನಿಯಾಗಿ ನೆಲಕ್ಕೆ ಉದುರಿದ ಬೆವರಿನಿಂದ ಮೈ ತಣಿಯುವುದಿಲ್ಲ, ನೀರು ಮಾತ್ರ ನಷ್ಟ. ಗಾಳಿ 40 ಡಿಗ್ರಿ ಇರುವಾಗ ಅದು ಚರ್ಮಕ್ಕಿಂತ ಬಿಸಿ. ಆಗ ಗಾಳಿಯೂ ಬಿಸಿಲೂ ಮೈಗೆ ಶಾಖ ಸೇರಿಸುತ್ತವೆಯೇ ಹೊರತು ಕಳೆಯುವುದಿಲ್ಲ. ಉಳಿಯುವ ದಾರಿ ಬೆವರೊಂದೇ.

ಈ ಸತ್ಯ ಬಹಳ ಹಿಂದೆಯೇ ಹೊಳೆದಿತ್ತು. 1775ರಲ್ಲಿ ಲಂಡನ್ನಿನ ವೈದ್ಯ ಚಾರ್ಲ್ಸ್ ಬ್ಲಾಗ್ಡನ್ ತನ್ನ ಪ್ರಯೋಗಗಳ ವರದಿ ಮಂಡಿಸಿದ. ಸುಮಾರು 127 ಡಿಗ್ರಿಗೆ ಕಾಯಿಸಿದ ಕೋಣೆಯೊಳಗೆ ಆತ ಹೋಗಿ ಕುಳಿತು ಬಂದಿದ್ದ. ಜೊತೆಯಲ್ಲಿಟ್ಟ ಮೊಟ್ಟೆಯೂ ಮಾಂಸವೂ ಬೆಂದವು. ಆತನಿಗೆ ಏನೂ ಆಗಲಿಲ್ಲ. ಕೋಣೆಯ ಗಾಳಿ ಒಣಗಿತ್ತು, ಅಷ್ಟೇ ಗುಟ್ಟು. 1905ರಲ್ಲಿ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರದೇಶದ ಗಣಿಯಲ್ಲಿ ಪ್ರಯೋಗ ಮಾಡಿ ಇದಕ್ಕೊಂದು ಅಳತೆ ಕೊಟ್ಟರು. ಮನುಷ್ಯನನ್ನು ಕಂಗೆಡಿಸುವುದು ಸಾಮಾನ್ಯ ಉಷ್ಣಮಾಪಕ ತೋರಿಸುವ ಉಷ್ಣತೆಯಲ್ಲ. ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವುದು. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಒದ್ದೆ ಬಲ್ಬಿನ ಉಷ್ಣತೆ ಏರುತ್ತದೆ, ಬೆವರು ಆರುವುದು ನಿಧಾನವಾಗುತ್ತದೆ. ಒದ್ದೆ ಬಲ್ಬು 31 ಡಿಗ್ರಿ ದಾಟಿದರೆ, ಗಾಳಿ ಆಡದ ಕಡೆ, ಕೆಲಸ ಮಾಡದೆ ಸುಮ್ಮನೆ ಕುಳಿತವನ ಮೈಯೂ ಕಾಯತೊಡಗುತ್ತದೆ ಎಂದು ಹಾಲ್ಡೇನ್ ಕಂಡರು.

ಆಳದ ಗಣಿಗಳ ಪಾಠ

ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳಲ್ಲಿ 1920ರ ದಶಕದಲ್ಲಿ ಉಷ್ಣಾಘಾತದಿಂದ ಕಾರ್ಮಿಕರು ಸಾಯತೊಡಗಿದರು. ಗಣಿ ಆಳವಾದಂತೆ ಬಂಡೆ ಬಿಸಿಯಾಗಿತ್ತು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ವಿಚಿತ್ರವಾದದ್ದು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನು ಹಾಳು ಮಾಡುತ್ತದೆಂದು ಅಲ್ಲಿ ಎಲ್ಲೆಡೆ ನೀರು ಚಿಮುಕಿಸುತ್ತಿದ್ದರು. ದೂಳು ಅಡಗಿತು, ಆದರೆ ಗಾಳಿಯ ತೇವ ಏರಿತು. ಒಂದು ರೋಗ ತಪ್ಪಿಸಲು ಹೊರಟು ಇನ್ನೊಂದನ್ನು ತಂದುಕೊಂಡ ಹಾಗಾಯಿತು.

ಅಲ್ಲಿನ ಸಿಟಿ ಡೀಪ್ ಗಣಿಯ ವೈದ್ಯ ಡ್ರಿಯೋಸ್ಟಿ 1935ರಲ್ಲಿ ಪ್ರಕಟಿಸಿದ ವರದಿ ಈ ವಿದ್ಯೆಯ ಮೊದಲ ದೊಡ್ಡ ದಾಖಲೆ. ಹೊಸ ಕಾರ್ಮಿಕರನ್ನು ಬಿಸಿಯಾದ, ತೇವ ತುಂಬಿದ ಕೋಣೆಯಲ್ಲಿ ಒಂದು ಗಂಟೆ ಸಲಿಕೆಯಿಂದ ಕಲ್ಲು ತುಂಬಿಸುವ ಕೆಲಸಕ್ಕೆ ಹಚ್ಚಿ, ಮೈಯ ಉಷ್ಣತೆ ಎಷ್ಟು ಏರಿತೆಂದು ಅಳೆಯಲಾಯಿತು. ಒಂದೇ ಕೆಲಸ, ಒಂದೇ ಕೋಣೆ. ಆದರೂ ಕೆಲವರ ಉಷ್ಣತೆ ಹೆಚ್ಚು ಕದಲಲಿಲ್ಲ, ಕೆಲವರದು ಅಪಾಯದ ಮಟ್ಟಕ್ಕೆ ಹೋಯಿತು. ಹೀಗೆ ಬೇಗ ಕಾದವರಿಗೆ ಕೆಲವು ದಿನ ಹಂತಹಂತವಾಗಿ ಬಿಸಿಯಲ್ಲಿ ಕೆಲಸ ಕೊಟ್ಟಾಗ ಅವರಲ್ಲಿ ಬಹುಪಾಲು ಮಂದಿ ಸುಧಾರಿಸಿದರು. ಮನುಷ್ಯನ ಮೈ ಬಿಸಿಗೆ 'ತರಬೇತಾಗುತ್ತದೆ' ಎಂಬುದು ಹೀಗೆ ಅಂಕಿ ಅಂಶಗಳಲ್ಲಿ ಸಿದ್ಧವಾಯಿತು.

ಈಗ ಕೋಲಾರಕ್ಕೆ ಬರೋಣ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೈಹಾಕಿದ ಈ ಗಣಿಗಳ ಪೈಕಿ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ಮೇಲೆ ಕೋಲಾರದ ಹಿತವಾದ ಹವೆ. ತಳದಲ್ಲಿ ಬಂಡೆಯ ಉಷ್ಣತೆ 65 ಡಿಗ್ರಿಯ ಸುಮಾರು. ಇದು ಸಾಲದೆಂಬಂತೆ, ಕೆಳಕ್ಕೆ ಇಳಿಯುವ ಗಾಳಿ ತನ್ನ ಮೇಲಿನ ಗಾಳಿಯ ಒತ್ತಡಕ್ಕೆ ಸಿಕ್ಕಿ ತಾನೇ ಬಿಸಿಯಾಗುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ 9.8 ಡಿಗ್ರಿಯಂತೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ಕಂಡಿದ್ದೀರಲ್ಲ, ಅದೇ ತತ್ತ್ವ. ಗಣಿಯಾಳಕ್ಕೆ ತಣ್ಣನೆಯ ಗಾಳಿ ಕಳಿಸಲು ಕಂಪನಿ ಶೈತ್ಯಯಂತ್ರಗಳನ್ನು ಸ್ಥಾಪಿಸಬೇಕಾಯಿತು.

ಈ ಗಣಿಯಲ್ಲಿ ವೈದ್ಯನಾಗಿದ್ದ ಆಂಥೊನಿ ಕ್ಯಾಪ್ಲನ್, ಲಿಂಡ್ಸೆ ಎಂಬವರೊಂದಿಗೆ ಸೇರಿ ಕೋಲಾರದಲ್ಲಿ ಪ್ರಯೋಗಗಳನ್ನು ನಡೆಸಿದ. ಫಲಿತಾಂಶ 1946ರಲ್ಲಿ ಲಂಡನ್ನಿನ ಗಣಿ ಮತ್ತು ಲೋಹಶಾಸ್ತ್ರ ಸಂಸ್ಥೆಯ ಮೂಲಕ ಪ್ರಕಟವಾಯಿತು. ಅಳತೆಯ ಕೆಲಸವನ್ನು ಕೊಟ್ಟು, ಒದ್ದೆ ಬಲ್ಬಿನ ಉಷ್ಣತೆ ಏರಿದಂತೆ ಕಾರ್ಮಿಕ ಮಾಡಬಲ್ಲ ಕೆಲಸ ಎಷ್ಟು ಕುಸಿಯುತ್ತದೆಂದು ಅವರು ನೋಡಿದರು. ಬಿಸಿಯಲ್ಲಿ ಮನುಷ್ಯನ ದುಡಿಮೆಯನ್ನು ಕುರಿತು ಮುಂದೆ ಬರೆದವರು ಈ ಕೋಲಾರ ಪ್ರಯೋಗವನ್ನು ಉಲ್ಲೇಖಿಸುತ್ತ ಬಂದಿದ್ದಾರೆ. ಇದೇ ಕ್ಯಾಪ್ಲನ್ 1953ರಲ್ಲಿ ವೇಲ್ಸ್‌ನ ಕಲ್ಲಿದ್ದಲು ಕಾರ್ಮಿಕರ ಶ್ವಾಸಕೋಶದಲ್ಲಿ ಗುರುತಿಸಿದ ರೋಗಲಕ್ಷಣಗಳ ಗುಂಪಿಗೆ ವೈದ್ಯಕೀಯದಲ್ಲಿ ಇಂದಿಗೂ ಆತನದೇ ಹೆಸರಿದೆ.

ಕೋಲಾರದ ವರದಿಯ ಶೀರ್ಷಿಕೆಯಲ್ಲಿರುವ ಪದ 'ಕಾರ್ಮಿಕರ ದಕ್ಷತೆ'. ಕಂಪನಿಗಳಿಗೆ ಬೇಕಾಗಿದ್ದುದು ಟನ್ನುಗಟ್ಟಲೆ ಅದಿರು. ಆದರೆ ಆ ಅಳತೆಗಳಿಗೆ ಮೈಯೊಡ್ಡಿದವರು ತಮಿಳು, ತೆಲುಗು ಸೀಮೆಗಳ ಬಡ ಹಳ್ಳಿಗಳಿಂದ ಬಂದ ಕೂಲಿಗಳು. ಆಫ್ರಿಕಾದಲ್ಲಾದರೆ ಅಲ್ಲಿನ ಕಪ್ಪು ಜನ. ಇಂದು ಒಲಿಂಪಿಕ್ ಓಟಗಾರನಿಗೆ ಸಿಗುವ ಪದಕದಲ್ಲಿ ಅವರ ಬೆವರಿನ ಪಾಲೂ ಇದೆ ಎಂದರೆ ಅದು ಅಲಂಕಾರದ ಮಾತಲ್ಲ, ಇತಿಹಾಸ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು.

ಒಗ್ಗಿದ ಮೈಯಲ್ಲಿ ಏನಾಗುತ್ತದೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸಂಶೋಧನೆ ಸೈನ್ಯದ ಕೈಗೆ ಬಂತು. ಮರುಭೂಮಿಗೂ ಉಷ್ಣವಲಯದ ಕಾಡಿಗೂ ತಂಪು ದೇಶದ ಸೈನಿಕರನ್ನು ಕಳಿಸಬೇಕಿತ್ತಲ್ಲ. 1943ರಲ್ಲಿ ಅಮೆರಿಕದ ಸಿಡ್ ರಾಬಿನ್ಸನ್ ಮತ್ತು ಸಂಗಡಿಗರು ಬಿಸಿ ಕೋಣೆಯಲ್ಲಿ ದಿನವೂ ನಡೆಸಿದ ಯುವಕರು ಎಷ್ಟು ಬೇಗ ಒಗ್ಗುತ್ತಾರೆಂದು ತೋರಿಸಿದರು. ಇಂಥ ಪ್ರಯೋಗಗಳಿಂದ ಮೂಡಿದ ಚಿತ್ರ ಇಂದಿಗೂ ಹೆಚ್ಚು ಬದಲಾಗಿಲ್ಲ.

ಮೊದಲ ಮೂರು-ನಾಲ್ಕು ದಿನಗಳಲ್ಲಿ ರಕ್ತರಸದ ಪ್ರಮಾಣ ಹೆಚ್ಚುತ್ತದೆ. ರಕ್ತದ ಗಾತ್ರ ಹಿಗ್ಗಿದ್ದರಿಂದ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳಬಲ್ಲದು. ಅದೇ ವೇಗದ ಓಟಕ್ಕೆ ಬಡಿತಗಳ ಸಂಖ್ಯೆ ಇಳಿಯುತ್ತದೆ. ಸ್ನಾಯುವಿಗೂ ರಕ್ತ ಬೇಕು, ತಣಿಯಲು ಚರ್ಮಕ್ಕೂ ರಕ್ತ ಬೇಕು. ಇಬ್ಬರಿಗೂ ಹಂಚಲು ಈಗ ಕೊಂಚ ಹೆಚ್ಚು ಇದೆ. ವಾರ ಕಳೆಯುವಷ್ಟರಲ್ಲಿ ಬೆವರು ಮೊದಲಿಗಿಂತ ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಈ ಕೊನೆಯ ಸಂಗತಿಯ ಹಿಂದೆ ಬಿದ್ದ ಅಮೆರಿಕದ ವೈದ್ಯ ಜೆರೋಮ್ ಕಾನ್, ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಯ ಹಾರ್ಮೋನು ಉಪ್ಪನ್ನು ಉಳಿಸುತ್ತದೆಂದು ಕಂಡುಕೊಂಡರು. ಮುಂದೆ 1950ರ ದಶಕದಲ್ಲಿ ಅದೇ ಹಾರ್ಮೋನು ಅತಿಯಾದಾಗ ಬರುವ ರಕ್ತದೊತ್ತಡದ ರೋಗವನ್ನು ಅವರು ಗುರುತಿಸಲು ದಾರಿಯಾದದ್ದು ಬೆವರಿನ ಈ ಅಧ್ಯಯನವೇ. ಎರಡು ವಾರದ ಹೊತ್ತಿಗೆ ಈ ಬದಲಾವಣೆಗಳೆಲ್ಲ ಹೆಚ್ಚುಕಡಿಮೆ ಪೂರ್ಣವಾಗುತ್ತವೆ. ವಿಶ್ರಾಂತಿಯಲ್ಲಿರುವಾಗಿನ ಮೈಯ ಒಳ ಉಷ್ಣತೆಯೂ ತುಸು ಇಳಿದಿರುತ್ತದೆ. ಓಟ ಶುರುವಾಗುವ ಮೊದಲೇ ಒಂದಿಷ್ಟು ಲಾಭ.

ಇದು ಹುಟ್ಟಿನಿಂದ ಬರುವ ಗುಣವಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಚಳ್ಳಕೆರೆಯ ಕಾವಲುಗಳಲ್ಲಿ ಮೇಯುವ ಅಮೃತಮಹಲ್ ರಾಸು ಬಿಸಿಲು ತಾಳುವುದು ತಲೆಮಾರುಗಳ ಆಯ್ಕೆಯಿಂದ ಬಂದ ವಂಶಗುಣ. 1781ರಲ್ಲಿ ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ದಂಡೆತ್ತಿ ಹೋದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಮೈಸೂರು ದಾಖಲೆಗಳು ಹೇಳುತ್ತವೆ. ಮನುಷ್ಯನ ಉಷ್ಣ ಒಗ್ಗುವಿಕೆ ಹಾಗಲ್ಲ. ಅದು ಗಳಿಸಿದ್ದು, ಆದ್ದರಿಂದ ಕಳೆದುಹೋಗುವಂಥದ್ದು. ಬಿಸಿಯ ಅಭ್ಯಾಸ ನಿಲ್ಲಿಸಿದರೆ ದಿನಕ್ಕೆ ಸುಮಾರು ಶೇ. 2.5ರಂತೆ ಕರಗುತ್ತ ಹೋಗುತ್ತದೆ. ರಜೆ ಮುಗಿಸಿ ಬಂದ ಗಣಿ ಕಾರ್ಮಿಕರನ್ನು ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ಒಗ್ಗಿಸಿಯೇ ಕೆಳಗಿಳಿಸುತ್ತಿದ್ದುದು ಈ ಕಾರಣಕ್ಕೆ.

ಓಟದ ಹಾದಿಗೆ ಬಂದ ಬಗೆ

ಕ್ರೀಡಾಪಟುಗಳಿಗೆ ಈ ತಿಳಿವಳಿಕೆ ತಲುಪಲು ಬಹಳ ಕಾಲ ಹಿಡಿಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜಾರೊ ಮ್ಯಾರಥಾನ್ ಓಡುತ್ತ ಬಿಸಿಲಿಗೆ ಕುಸಿದು, ಮರುದಿನ ತೀರಿಕೊಂಡ. ಬಿಸಿಲಿನಿಂದ ಚರ್ಮ ಸುಡದಿರಲೆಂದು ಆತ ಮೈಗೆ ಮೇಣ ಬಳಿದುಕೊಂಡಿದ್ದನೆಂದು ಹೇಳುತ್ತಾರೆ. ಬೆವರು ಆರುವ ದಾರಿಯನ್ನೇ ಮುಚ್ಚಿದರೆ ಏನಾಗುತ್ತದೆಂದು ಮೇಲಿನ ಲೆಕ್ಕ ಹೇಳುತ್ತದೆ.

ಎಂಟು ವರ್ಷಗಳ ಅನಂತರ, 1920ರ ಆಂಟ್ವರ್ಪ್ ಮ್ಯಾರಥಾನ್‌ನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಓಡಿ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ 19ನೆಯವರಾದರು. ಅಂದು ಅಲ್ಲಿ ಮಳೆ, ಚಳಿ. ಬಿಸಿಲ ನಾಡಿನಿಂದ ಹೋದವರಿಗೆ ಬಿಸಿಲಿನ ಅನುಕೂಲವೇ ಸಿಗಲಿಲ್ಲ.

ಮೊದಲ ಸಲ ಲೆಕ್ಕಾಚಾರ ಹಾಕಿ ಮೈ ಒಗ್ಗಿಸಿಕೊಂಡವರಲ್ಲಿ ಬ್ರಿಟನ್ನಿನ ನಡಿಗೆ ಪಟು ಡಾನ್ ಥಾಂಪ್ಸನ್ ಹೆಸರು ಸ್ವಾರಸ್ಯಕರ. ವಿಮಾ ಕಚೇರಿಯ ಗುಮಾಸ್ತ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ 50 ಕಿ.ಮೀ. ನಡಿಗೆಯಲ್ಲಿ ಸೆಕೆ ತಾಳದೆ ಕುಸಿದು ಸ್ಪರ್ಧೆ ಬಿಟ್ಟಿದ್ದ. ಮುಂದಿನ ಒಲಿಂಪಿಕ್ಸ್ ರೋಮಿನಲ್ಲಿ. ಇಂಗ್ಲೆಂಡಿನಲ್ಲಿ ರೋಮಿನ ಸೆಕೆ ಎಲ್ಲಿಂದ ತರುವುದು? ಮನೆಯ ಬಚ್ಚಲುಮನೆಗೆ ಸೀಮೆಎಣ್ಣೆ ಒಲೆ ತಂದಿಟ್ಟ, ಕೆಟಲುಗಳಲ್ಲಿ ನೀರು ಕುದಿಸಿ ಹಬೆ ತುಂಬಿಸಿದ, ದಪ್ಪ ಟ್ರ್ಯಾಕ್ ಸೂಟ್ ತೊಟ್ಟು ಆ ಇಕ್ಕಟ್ಟಿನಲ್ಲೇ 38 ಡಿಗ್ರಿಯಲ್ಲಿ ವ್ಯಾಯಾಮ ಮಾಡಿದ. 1960ರಲ್ಲಿ ರೋಮಿನ ಚಿನ್ನ ಆತನದಾಯಿತು. ಬಚ್ಚಲಿನಲ್ಲಿ ಆಗಾಗ ತಲೆ ತಿರುಗುತ್ತಿದ್ದುದು ಸೆಕೆಗಲ್ಲ, ಒಲೆಯ ಕಾರ್ಬನ್ ಮೊನಾಕ್ಸೈಡಿಗೆ ಎಂದು ಆತನಿಗೆ ಹೊಳೆದದ್ದು ಆಮೇಲೆ! ಈ ಭಾಗವನ್ನು ಯಾರೂ ಅನುಕರಿಸಬಾರದು.

ನಾಲ್ಕು ವರ್ಷದ ಬಳಿಕ ಅಮೆರಿಕದ ಬಡ್ಡಿ ಎಡಲೆನ್ ಇಂಗ್ಲೆಂಡಿನ ತಂಪಿನಲ್ಲಿದ್ದುಕೊಂಡೇ ಒಂದರ ಮೇಲೊಂದು ಅಂಗಿ ತೊಟ್ಟು ಓಡಿ, 1964ರ ಮೇ ತಿಂಗಳ ಯೋಂಕರ್ಸ್ ಮ್ಯಾರಥಾನ್‌ನಲ್ಲಿ 33 ಡಿಗ್ರಿಯ ಸುಮಾರಿನ ಸೆಕೆಯಲ್ಲಿ ಎರಡನೆಯವನಿಗಿಂತ ಹೆಚ್ಚುಕಡಿಮೆ 20 ನಿಮಿಷ ಮುಂದೆ ಬಂದ. ಪ್ರಯೋಗಾಲಯವಿಲ್ಲದೆ, ಹಣವಿಲ್ಲದೆ ಮಾಡಿದ ಕೆಲಸ ಇದು.

ಗಣಿಗೂ ಓಟಕ್ಕೂ ನೇರ ಸೇತುವೆ ಬಿದ್ದದ್ದು 1969ರಲ್ಲಿ. ದಕ್ಷಿಣ ಆಫ್ರಿಕಾದ ಗಣಿ ಒಕ್ಕೂಟದ ಪ್ರಯೋಗಾಲಯದಲ್ಲಿ ಸಿರಿಲ್ ವಿಂಡಂ ಮತ್ತು ಸ್ಟ್ರೈಡಂ ಕಾರ್ಮಿಕರನ್ನು ಬಿಸಿ ಕೋಣೆಗಳಲ್ಲಿ ದಿನಕ್ಕೆ ನಾಲ್ಕು ಗಂಟೆ ಮೆಟ್ಟಿಲು ಹತ್ತಿಸಿ ಇಳಿಸಿ ಎಂಟು-ಒಂಬತ್ತು ದಿನಗಳಲ್ಲಿ ಒಗ್ಗಿಸುವ ಕ್ರಮ ರೂಪಿಸಿದ್ದರು. ಅದೇ ಜೋಡಿ 20 ಮೈಲಿ ಓಟದ ಸ್ಪರ್ಧಿಗಳ ತೂಕ, ಉಷ್ಣತೆ ಅಳೆದು, ಮ್ಯಾರಥಾನ್ ಓಟಗಾರರು ನೀರು ಕುಡಿಯುವುದು ಸಾಲದು ಎಂದು ಬರೆಯಿತು. ಆಗಿನ ಅಂತಾರಾಷ್ಟ್ರೀಯ ನಿಯಮದಲ್ಲಿ ಮೊದಲ 11 ಕಿ.ಮೀ.ವರೆಗೆ ನೀರು ಕೊಡುವಂತೆಯೇ ಇರಲಿಲ್ಲ! ಆ ಲೇಖನದ ಪ್ರಭಾವ ದೊಡ್ಡದು. ಬರಬರುತ್ತ ಅದು ಅತಿಗೂ ಹೋಯಿತು: ಬಾಯಾರಿಕೆ ಇರಲಿ ಬಿಡಲಿ ಕುಡಿಯುತ್ತಲೇ ಇರಿ ಎಂಬ ಉಪದೇಶ ಶುರುವಾಗಿ, ನೀರು ಹೆಚ್ಚಾಗಿ ರಕ್ತದ ಸೋಡಿಯಂ ಕುಸಿದು ಓಟಗಾರರು ಕಾಯಿಲೆ ಬಿದ್ದರು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದವರ ಪೈಕಿ ಶೇ. 13 ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. ಬಾಯಾರಿಕೆಯನ್ನು ಕಡೆಗಣಿಸಲೂಬಾರದು, ಮೀರಲೂಬಾರದು ಎಂಬಲ್ಲಿಗೆ ಈಗ ಮಾತು ನಿಂತಿದೆ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಆಲ್ಬರ್ಟೊ ಸಲಜಾರ್ ಅವರನ್ನು ವಿಜ್ಞಾನಿಗಳೇ ಮುಂದೆ ನಿಂತು ಸಿದ್ಧಗೊಳಿಸಿದರು. ಅವರ ಬೆವರು ಗಂಟೆಗೆ 3.7 ಲೀಟರ್ ಎಂದು ಅಳತೆಯಾಯಿತು. ಇಷ್ಟು ಬೆವರುವ ಮನುಷ್ಯರು ಅಪರೂಪ. ಮೈ ಒಗ್ಗಿತ್ತು, ಆದರೂ ಬಂದದ್ದು 15ನೇ ಸ್ಥಾನ. ಒಗ್ಗುವಿಕೆ ಸೆಕೆಯ ಹಾನಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಅಳಿಸಿಹಾಕುವುದಿಲ್ಲ.

ಊಟಿಗೆ ಬದಲಾಗಿ ಬಿಸಿಲೆ?

2010ರಲ್ಲಿ ಅಮೆರಿಕದ ಸ್ಯಾಂಟಿಯಾಗೊ ಲೊರೆಂಜೊ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ತರಬೇತುದಾರರ ಗಮನ ಸೆಳೆಯಿತು. ಹತ್ತು ದಿನ ಬಿಸಿಯಲ್ಲಿ ಅಭ್ಯಾಸ ಮಾಡಿದ ಸೈಕಲ್ ಪಟುಗಳ ಸಾಮರ್ಥ್ಯ ಬಿಸಿಯಲ್ಲಿ ಮಾತ್ರವಲ್ಲ, ತಂಪಿನಲ್ಲೂ ಹೆಚ್ಚಿತ್ತು. ರಕ್ತರಸ ಶೇ. 6.5ರಷ್ಟು ಹಿಗ್ಗಿತ್ತು. ದೂರದ ಓಟಗಾರರು ಬೆಟ್ಟದ ಮೇಲೆ ತರಬೇತಿ ಪಡೆಯುವುದು ಹಳೆಯ ಪದ್ಧತಿ. ನಮ್ಮವರೂ ಊಟಿಗೆ ಹೋಗುತ್ತಾರೆ. ಅಲ್ಲಿ ಆಮ್ಲಜನಕ ವಿರಳವಾದ್ದರಿಂದ ಕೆಂಪು ರಕ್ತಕಣ ಹೆಚ್ಚುತ್ತದೆ. ಹಾಗಾದರೆ ಊಟಿಗೆ ಹೋಗಲಾಗದವನಿಗೆ ಚಳ್ಳಕೆರೆಯೇ ಊಟಿಯೆ? ಪ್ರಶ್ನೆ ತಮಾಷೆಯದಲ್ಲ. ಐದು ವಾರ ಬಿಸಿಯಲ್ಲಿ ತರಬೇತಾದ ಉನ್ನತ ಮಟ್ಟದ ಸೈಕಲ್ ಪಟುಗಳ ಹೀಮೊಗ್ಲೋಬಿನ್ ಒಟ್ಟು ಪ್ರಮಾಣ ಹೆಚ್ಚಿದ್ದನ್ನು ನಾರ್ವೆಯ ರೋನ್ನೆಸ್ಟಾಡ್ ತಂಡ 2021ರಲ್ಲಿ ವರದಿ ಮಾಡಿತು. ಆದರೆ ಎಲ್ಲ ಪ್ರಯೋಗಗಳೂ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎರಡು ವಾರ ಸೆಕೆಯ ಊರಿನಲ್ಲಿ ಅಭ್ಯಾಸ ಮಾಡಿ ಬಂದವರಿಗೆ ತಂಪಿನ ಸ್ಪರ್ಧೆಯಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸೆಕೆಯ ಸ್ಪರ್ಧೆಗೆ ಲಾಭ ಖಚಿತ, ತಂಪಿನದಕ್ಕೆ ಇನ್ನೂ ವಾದವಿದೆ ಎನ್ನುವುದು ಸರಿಯಾದ ಮಾತು.

ಖಚಿತವಾದ ಲಾಭವನ್ನೂ ಎಲ್ಲರೂ ಪಡೆಯುತ್ತಿರಲಿಲ್ಲ. 2015ರ ಬೀಜಿಂಗ್ ವಿಶ್ವ ಅಥ್ಲೆಟಿಕ್ಸ್‌ಗೆ ಬಂದವರನ್ನು ವಿಚಾರಿಸಿದಾಗ ಮೈ ಒಗ್ಗಿಸಿಕೊಂಡು ಬಂದವರು ಶೇ. 15ರ ಸುಮಾರು ಮಾತ್ರ. 2019ರ ದೋಹಾ ಕೂಟದಲ್ಲಿ ಮ್ಯಾರಥಾನ್ ಓಟವನ್ನು ನಡುರಾತ್ರಿಗೆ ಇಟ್ಟರೂ ಮಹಿಳೆಯರ ಓಟದಲ್ಲಿ ಹೊರಟ 68 ಮಂದಿಯಲ್ಲಿ ಗುರಿ ಮುಟ್ಟಿದವರು 40. ಅದಾದ ಮುಂದಿನ ತಿಂಗಳೇ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್ ಅನ್ನು ಉತ್ತರದ ಸಪ್ಪೊರೊ ನಗರಕ್ಕೆ ಸಾಗಿಸುವ ತೀರ್ಮಾನವಾಯಿತು.

ಚಳ್ಳಕೆರೆಯ ಹುಡುಗ ಒಗ್ಗಿದವನೆ?

ಈಗ ಮೊದಲಿನ ಪ್ರಶ್ನೆ. ಬಿಸಿಲೂರಿನಲ್ಲಿ ವಾಸವಿರುವುದೂ ಬಿಸಿಲಿಗೆ ಒಗ್ಗಿರುವುದೂ ಒಂದೇ ಅಲ್ಲ. ಮೈ ಒಗ್ಗುವುದು ಬಿಸಿಯಲ್ಲಿ ದುಡಿದು, ಒಳ ಉಷ್ಣತೆ ಏರಿ, ಬೆವರು ಹರಿದಾಗ. ಹೊಲದಲ್ಲಿ ಕೂಲಿ ಮಾಡುವ ಯುವಕ ಒಗ್ಗಿದ್ದಾನೆ. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆಂದು ಬೆಳಗಿನ ಐದು ಗಂಟೆಗೆ ಎದ್ದು ತಂಪಿನಲ್ಲಿ ಓಡಿ, ಹಗಲೆಲ್ಲ ಫ್ಯಾನಿನ ಕೆಳಗೆ ಓದುವ ಅವನ ತಮ್ಮ ಒಗ್ಗಿಲ್ಲ, ಅದೇ ಮನೆಯವನಾದರೂ. ಅವನ ಸರದಿ ಹನ್ನೊಂದು ಗಂಟೆಯ ಬಿಸಿಲಿಗೆ ಬಂದರೆ ಅಪಾಯ ಅವನಿಗೇ. 2024ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಜಾರ್ಖಂಡದ ಅಬಕಾರಿ ಪೇದೆ ನೇಮಕಾತಿಯ 10 ಕಿ.ಮೀ. ಓಟದ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ಸಾವಿನ ಕಾರಣಗಳ ಬಗ್ಗೆ ವಿವಾದವಾಯಿತು. ಓಟವನ್ನು ಕೆಲ ದಿನ ತಡೆದು, ಬೆಳಗಿನ 9ರ ಅನಂತರ ಓಡಿಸಬಾರದೆಂದು ಸರ್ಕಾರ ಹೇಳಬೇಕಾಯಿತು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ನಮ್ಮದು 40 ಡಿಗ್ರಿಯ ಊರು, ಮಂಗಳೂರಿನ 33 ಡಿಗ್ರಿ ಯಾವ ಲೆಕ್ಕ ಎಂದು. ಅಮೆರಿಕದ ನೌಕಾ ಸೈನಿಕರ ತರಬೇತಿ ಕೇಂದ್ರದಲ್ಲಿ ಉಷ್ಣಾಘಾತ ತಡೆಯಲು 1950ರ ದಶಕದಲ್ಲಿ ಯಾಗ್ಲೂ ಮತ್ತು ಮಿನಾರ್ಡ್ ಒಂದು ಸೂಚ್ಯಂಕ ರೂಪಿಸಿದರು: ಒದ್ದೆ ಬಲ್ಬಿನ ಉಷ್ಣತೆಯ 0.7 ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳದ ಉಷ್ಣತೆಯ 0.2 ಪಾಲು, ಗಾಳಿಯ ಉಷ್ಣತೆಯ 0.1 ಪಾಲು ಕೂಡಿಸುವುದು. ಚಳ್ಳಕೆರೆಯ ಒಂದು ಮಧ್ಯಾಹ್ನ ಗಾಳಿ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 20 ಎಂದಿಟ್ಟುಕೊಳ್ಳಿ. ಒದ್ದೆ ಬಲ್ಬು ಸುಮಾರು 22 ತೋರಿಸುತ್ತದೆ. ಕಪ್ಪು ಗೋಳ 55 ಎಂದರೆ ಸೂಚ್ಯಂಕ 15.4 + 11 + 4 = 30.4. ಮಂಗಳೂರಿನಲ್ಲಿ 33 ಡಿಗ್ರಿ, ಆರ್ದ್ರತೆ ಶೇ. 75 ಆದರೆ ಒದ್ದೆ ಬಲ್ಬು 29ರ ಸುಮಾರು. ಗೋಳ 47 ಎಂದುಕೊಂಡರೆ 20.3 + 9.4 + 3.3 = 33. ಸೂಚ್ಯಂಕದ ಪ್ರಕಾರ ಕರಾವಳಿಯ ದಿನವೇ ಹೆಚ್ಚು ಕಠಿಣ. ಎರಡು ಉಷ್ಣಮಾಪಕ, ಒಂದು ತುಂಡು ಬತ್ತಿಬಟ್ಟೆ ಇದ್ದರೆ ಪ್ರೌಢಶಾಲೆಯ ಮಕ್ಕಳೇ ಒದ್ದೆ ಬಲ್ಬಿನ ಅಳತೆ ಮಾಡಿ ದಾಖಲಿಸಬಹುದು.

ಮೈ ಒಗ್ಗಿಸುವುದೂ ದೊಡ್ಡ ಖರ್ಚಿನ ವಿದ್ಯೆಯಲ್ಲ. ಮೊದಲ ಎರಡು ಮೂರು ದಿನ ಬೆಳಗಿನ ಒಂಬತ್ತರ ಹೊತ್ತಿಗೆ ಇಪ್ಪತ್ತು ನಿಮಿಷ, ಮಾತನಾಡಲು ಆಗುವಷ್ಟು ನಿಧಾನದ ಓಟ. ಆಮೇಲೆ ದಿನಕ್ಕೆ ಐದು ನಿಮಿಷದಂತೆ ಏರಿಸುವುದು. ವೇಗದ ಅಭ್ಯಾಸವನ್ನು ಮುಂಜಾನೆಯ ತಂಪಿಗೇ ಬಿಡಬೇಕು. ಓಟ ಮುಗಿದ ಕೂಡಲೇ ಮಣಿಕಟ್ಟಿನ ನಾಡಿ 15 ಸೆಕೆಂಡು ಎಣಿಸಿ ಬರೆದಿಟ್ಟರೆ, ಅದೇ ದೂರ ಅದೇ ವೇಗಕ್ಕೆ ಎಂಟು ಹತ್ತು ದಿನಗಳಲ್ಲಿ ಸಂಖ್ಯೆ ಇಳಿಯುವುದು ಕಾಣುತ್ತದೆ. ಓಟದ ಮುಂಚೆ ಮತ್ತು ನಂತರ ತೂಗಿದರೆ ಕಳೆದ ಬೆವರು ತಿಳಿಯುತ್ತದೆ: ಒಂದು ಕಿಲೋಗ್ರಾಂ ಇಳಿದರೆ ಸುಮಾರು ಒಂದು ಲೀಟರ್. ತೂಕ ಏರಿದ್ದರೆ ನೀರು ಅತಿಯಾಯಿತೆಂದು ಅರ್ಥ. ಜ್ವರ, ಭೇದಿ, ನಿದ್ದೆಗೇಡು ಇರುವವರನ್ನು ಆ ದಿನ ಓಡಿಸಲೇಬಾರದು.

ಇಷ್ಟಾದರೂ ಯಾರಾದರೂ ತೊದಲತೊಡಗಿದರೆ, ದಿಕ್ಕು ತಪ್ಪಿ ತೂರಾಡಿದರೆ, ಕುಸಿದರೆ, ಅದು ಸುಸ್ತಲ್ಲ, ಉಷ್ಣಾಘಾತ ಎಂದೇ ಭಾವಿಸಬೇಕು. ಆಂಬುಲೆನ್ಸ್‌ಗೆ ಕರೆ ಹೋಗಲಿ, ಆದರೆ ಅದು ಬರುವವರೆಗೆ ಕೈಕಟ್ಟಿ ಕಾಯುವಂತಿಲ್ಲ. ಅಮೆರಿಕದ ಫಾಲ್ಮತ್ ಓಟದಲ್ಲಿ 18 ವರ್ಷಗಳಲ್ಲಿ ಉಷ್ಣಾಘಾತವಾದ 274 ಮಂದಿಯನ್ನು ಸ್ಥಳದಲ್ಲೇ ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಣಿಸಲಾಯಿತು, ಒಬ್ಬರೂ ಸಾಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮಂಜುಗಡ್ಡೆ ಸಿಗುವುದು ಕಷ್ಟ. ಆದರೆ ಊರ ಬೋರ್‌ವೆಲ್ಲಿನ ಪಕ್ಕ ದನಗಳಿಗೆ ನೀರು ಕುಡಿಸುವ ಸಿಮೆಂಟ್ ತೊಟ್ಟಿ ಇರುತ್ತದೆ. ಓಟದ ದಿನ ಅದನ್ನು ತೊಳೆದು, ಹೊಸ ನೀರು ತುಂಬಿಸಿ, ನೆರಳು ಕಟ್ಟಿಟ್ಟರೆ ಸಾಕು. ಬಿದ್ದವನನ್ನು ಕುತ್ತಿಗೆಯವರೆಗೆ ಅದರಲ್ಲಿಳಿಸಿ, ತಲೆಯನ್ನು ನೀರಿನ ಮೇಲೆ ಹಿಡಿದು, ನೀರನ್ನು ಕಲಕುತ್ತಿರಬೇಕು. ಮಂಜಿನ ನೀರಿನಷ್ಟು ಬೇಗ ತಣಿಯದು, ಆದರೂ ಒದ್ದೆ ಕರವಸ್ತ್ರ ಹಣೆಗೆ ಹಚ್ಚುವುದಕ್ಕಿಂತ ಎಷ್ಟೋ ಪಾಲು ಮೇಲು.